ಯೋಜನೆಯ ಬಲಾಬಲ

"ಶುಭ ನುಡಿಯೋ ಸೋಮ ಎಂದರೆ ಗೂಬೆ ಕಾಣುತ್ತಲ್ಲೋ ಮಾಮ" ಎಂಬ ಗಾದೆಯನ್ನು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ನೀವು ಕೇಳಿರಬಹುದು. ಹೊರಟ ಕಾರ್ಯಕ್ಕೆ ಒಳ್ಳೆಯ ಮಾತಾಡು ಎಂದರೆ ಅಡ್ಡಿಯನ್ನೇ ಎತ್ತಿ ಹೇಳುವವನನ್ನು ಈ ಗಾದೆ ನಗೆಗೀಡುಮಾಡುತ್ತದೆ. ಆದರೆ ಸೋಮನ ಪರವಾಗಿಯೂ ಒಂದು ಮಾತು ಹೇಳಬೇಕಾಗಿದೆ. ಗೂಬೆಯನ್ನು ಕಂಡರೆ ಕೆಡುಕಾಗುವುದೆಂಬುದು ಮೂಢನಂಬಿಕೆಯೇ ಸರಿ. ಮುಂದಿನ ಸೇತುವೆ ಬಿರುಕು ಬಿಟ್ಟಿದೆಯೆಂದು ಒಬ್ಬನು ಹೇಳಿದರೆ ಅದನ್ನೂ ಅಪಶಕುನವೆಂದು ತಳ್ಳಿಹಾಕಬಹುದೆ? ಗಾಡಿ ಹೂಡುವ ಮೊದಲು ಕೇಳಲೇಬೇಕಾದ ಸುದ್ದಿಯದು.

ಒಂದು ಯೋಜನೆಯ ವಿಷಯದಲ್ಲಿ ಆಕ್ಷೇಪಣೆ ಬಂದಾಗ ಸಾಮಾನ್ಯವಾಗಿ ಇಬ್ಬಗೆಯ ಜನರನ್ನು ಕಾಣುತ್ತೇವೆ. ಮೊದಲನೆಯವರು ಕಿವಿ ಮುಚ್ಚಿಕೊಂಡು, "ಧೈರ್ಯವಿದ್ದರೆ ಎಲ್ಲವೂ ಆಗುತ್ತದೆ" ಎನ್ನುವವರು. ಎರಡನೆಯವರು ಒಂದು ಆಕ್ಷೇಪಣೆ ಕೇಳಿದೊಡನೆಯೇ, "ಇದು ನಮ್ಮಿಂದಾಗುವ ಕೆಲಸವಲ್ಲ" ಎಂದು ಕೈ ತೊಳೆದುಕೊಳ್ಳುವವರು. ಇವರಿಬ್ಬರೂ ಆಕ್ಷೇಪಣೆಯನ್ನು ತಕ್ಕಡಿಯಲ್ಲಿಟ್ಟು ತೂಗಿದವರಲ್ಲ. ತೂಗುವುದು ಹೇಗೆಂಬುದನ್ನು ನಿಮ್ಮೊಡನೆ ವಿಚಾರಮಾಡುವುದೇ ಈ ಲೇಖನದ ಉದ್ದೇಶ. ಅದಕ್ಕೆ ದೂರದ ದೃಷ್ಟಾಂತವೇಕೆ? ನಾವು ವಾಸಮಾಡುವ ಈ ಚೆನ್ನೈ ನಗರದ ಕೊಳಾಯಿಯ ನೀರನ್ನೇ ತೆಗೆದುಕೊಳ್ಳೋಣ.

ಚೆನ್ನೈ ಸಮುದ್ರದ ತಡಿಯಲ್ಲಿದ್ದರೂ ಕುಡಿಯುವ ನೀರಿಗೆ ಬಡ ಊರು. ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ. ಕೊಸಸ್ತಲೈ, ಕೂವಂ, ಅಡಯಾರು ಇವೆಲ್ಲವೂ ಮಳೆಗಾಲದಲ್ಲಿ ಮಾತ್ರ ಉಕ್ಕುವ ನದಿಗಳು. 1944ರಲ್ಲಿ ಮುಗಿದ ಪೂಂಡಿ ಜಲಾಶಯ, ಅದಕ್ಕಿಂತಲೂ ಹಳೆಯವಾದ ಚೋಳವರಂ, ಪುಳಲ್ ಮತ್ತು ಚೆಂಬರಂಬಾಕ್ಕಂ ಕೆರೆಗಳು, ಇವೆಲ್ಲ ತುಂಬಿದರೂ ಹಿಡಿಯುವುದು ಸುಮಾರು 11 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,831 ಕೋಟಿ ಲೀಟರು. ಊರು ಬೆಳೆಯಿತು, ಕೆರೆಗಳು ಬೆಳೆಯಲಿಲ್ಲ. ಈ ಕಷ್ಟವನ್ನು ಕಂಡು 1976ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಮತ್ತು ಆಂಧ್ರಪ್ರದೇಶಗಳು ಕೃಷ್ಣಾ ನದಿಯ ತಮ್ಮ ತಮ್ಮ ಪಾಲಿನಿಂದ ತಲಾ 5 ಟಿ.ಎಂ.ಸಿ. ನೀರನ್ನು ಈ ನಗರಕ್ಕೆ ಬಿಟ್ಟುಕೊಡಲು ಒಪ್ಪಿದವು. ನಿಮ್ಮ ಕೊಡಕ್ಕೆ ಬೀಳುವ ನೀರಿನಲ್ಲಿ ಕರ್ನಾಟಕವು ಬಿಟ್ಟುಕೊಟ್ಟ ಪಾಲೂ ಸೇರಿದೆಯೆಂಬುದು ನಮ್ಮ ಮಕ್ಕಳು ತಿಳಿದಿರಬೇಕಾದ ಸಂಗತಿ.

1983ರಲ್ಲಿ ತಮಿಳುನಾಡಿಗೂ ಆಂಧ್ರಪ್ರದೇಶಕ್ಕೂ ಒಪ್ಪಂದವಾಗಿ ಕೆಲಸ ಆರಂಭವಾಯಿತು. ಆಂಧ್ರದ ರಾಯಲಸೀಮೆ ಮತ್ತು ನೆಲ್ಲೂರು ಸೀಮೆಗಳ ಹೊಲಗಳಿಗೂ ನೀರುಣಿಸುವ ಉದ್ದೇಶ ಇದರೊಡನೆ ಸೇರಿತು. ಯೋಜನೆಗೆ ತೆಲುಗು ಗಂಗೆ ಎಂದು ಹೆಸರಾಯಿತು. ಒಟ್ಟು 15 ಟಿ.ಎಂ.ಸಿ. ನೀರಿನಲ್ಲಿ 3 ಟಿ.ಎಂ.ಸಿ. ದಾರಿಯಲ್ಲಿ ಆವಿಯಾಗಿ, ಇಂಗಿ ಹೋಗುವುದೆಂದು ಲೆಕ್ಕಹಾಕಿ, ತಮಿಳುನಾಡಿನ ಗಡಿಯಲ್ಲಿ 12 ಟಿ.ಎಂ.ಸಿ. ದೊರೆಯಬೇಕೆಂದು ಗೊತ್ತುಪಡಿಸಿದರು. ಈ 12ನ್ನು ವರ್ಷದ 365 ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 93 ಕೋಟಿ ಲೀಟರಾಗುತ್ತದೆ. ಕಾಗದದ ಮೇಲೆ ಇದಕ್ಕಿಂತ ಸೊಗಸಾದ ಲೆಕ್ಕ ಬೇರೊಂದಿಲ್ಲ.

ಈಗ ಭೂಪಟವನ್ನು ತೆರೆದು ಆ ನೀರಿನೊಡನೆ ನಡೆಯೋಣ. ಪಶ್ಚಿಮಘಟ್ಟಗಳಲ್ಲಿ ಮಳೆಯಾಗಿ, ಮೇಲಿನ ಜಲಾಶಯಗಳು ತುಂಬಿ, ನೀರು ಶ್ರೀಶೈಲಕ್ಕೆ ಬರಬೇಕು. ಶ್ರೀಶೈಲದ ಜಲಾಶಯವು ಪೋತಿರೆಡ್ಡಿಪಾಡು ಎಂಬಲ್ಲಿಯ ತೂಬಿನ ಮಟ್ಟಕ್ಕೆ ಏರಬೇಕು. ಅಲ್ಲಿಂದ ನೀರು ಕಾಲುವೆಯಲ್ಲಿ ವೆಲುಗೋಡಿಗೆ ಬಂದು, ಪೆನ್ನಾರ್ ನದಿಯ ಸೋಮಶಿಲೆಯನ್ನು ಸೇರಿ, ಕಂಡಲೇರು ಜಲಾಶಯದಲ್ಲಿ ನಿಲ್ಲಬೇಕು. ಕಂಡಲೇರಿನಿಂದ 152 ಕಿಲೋಮೀಟರು ತೆರೆದ ಕಾಲುವೆಯಲ್ಲಿ ಹರಿದು ಊತ್ತುಕ್ಕೋಟೆಯ ಬಳಿ ಗಡಿ ದಾಟಿ, ಇನ್ನೂ 25 ಕಿಲೋಮೀಟರು ಸಾಗಿ ಪೂಂಡಿಯನ್ನು ಮುಟ್ಟಬೇಕು. ಶ್ರೀಶೈಲದಿಂದ ಪೂಂಡಿಯವರೆಗಿನ ಹಾದಿ ನಾನೂರು ಕಿಲೋಮೀಟರಿಗೂ ಮಿಗಿಲು.

ಈ ಹಾದಿಯನ್ನು ನೋಡಿದ ಯಾರಿಗಾದರೂ ಕೆಲವು ಆಕ್ಷೇಪಣೆಗಳು ಹೊಳೆಯದಿರವು. ಘಟ್ಟದಲ್ಲಿ ಮಳೆ ಕಡಮೆಯಾದರೆ? ಬರಗಾಲದಲ್ಲಿ ಮೇಲಿನ ರಾಜ್ಯಗಳು ತಮ್ಮ ರೈತರನ್ನು ಬಿಟ್ಟು ದೂರದ ಊರಿಗೆ ನೀರು ಕೊಡುವವೆ? ಬಾಯಾರಿದ ಹೊಲದ ಪಕ್ಕದಲ್ಲೇ ಹರಿಯುವ ನೀರನ್ನು ಹಾದಿಯ ರೈತನು ಮುಟ್ಟದಿರುವನೆ? ಮಣ್ಣಿನ ಕಾಲುವೆಯ ದಂಡೆ ಕುಸಿಯದೆ ನಿಲ್ಲುವುದೆ? ಬಿಸಿಲಿನ ಸೀಮೆಯಲ್ಲಿ ಆವಿಯಾಗಿಯೂ ಇಂಗಿಯೂ ಹೋಗುವ ನೀರು 3 ಟಿ.ಎಂ.ಸಿ.ಯನ್ನು ಮೀರದಿರುವುದೆ?

ಒಂದೊಂದನ್ನೇ ನೋಡಿದರೆ ಯಾವ ಆಕ್ಷೇಪಣೆಯೂ ಯೋಜನೆಯನ್ನು ಕೊಲ್ಲುವಷ್ಟು ದೊಡ್ಡದಾಗಿ ತೋರುವುದಿಲ್ಲ. ಮೋಸವಿರುವುದು ಇಲ್ಲಿಯೇ. ಗಣಿತದಲ್ಲಿ ನೀವು ಕಲಿಯುವ ಸಂಭವನೀಯತೆಯ ಪಾಠವನ್ನು ಇಲ್ಲಿ ನೆನೆಯಬೇಕು. ಐದು ಕೊಂಡಿಗಳ ಒಂದು ಸರಪಳಿಯಿದೆ. ಪ್ರತಿಯೊಂದು ಕೊಂಡಿಯೂ ಹತ್ತರಲ್ಲಿ ಒಂಬತ್ತು ಸಲ ತಡೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಕೊಂಡಿಗಳು ಒಂದನ್ನೊಂದು ಅವಲಂಬಿಸದಿದ್ದರೆ ಸರಪಳಿ ಎಷ್ಟು ಸಲ ತಡೆದುಕೊಂಡೀತು? ಹತ್ತರಲ್ಲಿ ಒಂಬತ್ತು ಸಲವೆಂದು ಮನಸ್ಸು ಹೇಳುತ್ತದೆ. ಆದರೆ 9/10ನ್ನು ಐದು ಸಲ ಗುಣಿಸಿ ನೋಡಿ. ನೂರರಲ್ಲಿ ಸುಮಾರು 59 ಮಾತ್ರ ಉಳಿಯುತ್ತದೆ. ಕೃಷ್ಣೆಯ ಕಾಲುವೆಯ ನಿಜವಾದ ಅಂಕಿ ಇದೆಂದು ನಾನು ಹೇಳುತ್ತಿಲ್ಲ. ಲೆಕ್ಕದ ರೀತಿಯನ್ನು ಮಾತ್ರ ತೋರಿಸುತ್ತಿದ್ದೇನೆ. ಎಲ್ಲ ಕೊಂಡಿಗಳೂ ಒಟ್ಟಿಗೆ ನಿಲ್ಲಬೇಕಾದ ಯೋಜನೆಯು ತನ್ನ ಅತಿ ದುರ್ಬಲವಾದ ಕೊಂಡಿಗಿಂತಲೂ ದುರ್ಬಲವಾಗಿರಬಲ್ಲದು.

ನಡೆದುದೇನು? 1996ರಲ್ಲಿ ಕೃಷ್ಣೆಯ ನೀರು ಮೊದಲ ಬಾರಿಗೆ ಪೂಂಡಿಗೆ ಬಂದಿತು. ಜನರು ಸಂತೋಷಪಟ್ಟರು. ಆದರೆ ಬಂದ ನೀರು ಒಪ್ಪಂದದ ಪ್ರಮಾಣಕ್ಕೆ ಬಹಳ ಕಡಮೆಯಾಗಿತ್ತು. ಕಾಲುವೆಯ ದಂಡೆಗಳು ಅಲ್ಲಲ್ಲಿ ಕುಸಿದವು. ನೀರು ಮಣ್ಣಿನಲ್ಲಿ ಇಂಗಿತು. ಆಗ ಯೋಜನೆಯೇ ವ್ಯರ್ಥವೆಂದು ಕೈಬಿಡುವುದು ಸುಲಭವಾಗಿತ್ತು. 2002ರಲ್ಲಿ ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರ ಟ್ರಸ್ಟು ಕಂಡಲೇರಿನಿಂದ ಬರುವ ಕಾಲುವೆಯನ್ನು ದುರಸ್ತಿಮಾಡಿ ಕಾಂಕ್ರೀಟು ಹಾಸುವ ಹೊಣೆ ಹೊತ್ತಿತು. 2004ರ ವೇಳೆಗೆ ಆ ಕೆಲಸ ಮುಗಿದು, ಇಂಗಿಹೋಗುವ ನೀರು ಕಡಮೆಯಾಗಿ, ಬರುವ ನೀರಿನ ವೇಗ ಹೆಚ್ಚಿತು. "ಮಣ್ಣಿನ ಕಾಲುವೆ ನಿಲ್ಲದು" ಎಂಬ ಆಕ್ಷೇಪಣೆ ಸರಪಳಿಯ ಯಾವ ಕೊಂಡಿ ಸಡಿಲವೆಂಬುದನ್ನು ಬೆರಳಿಟ್ಟು ತೋರಿಸಿತ್ತು. ದುರಸ್ತಿಯೂ ಅಲ್ಲಿಯೇ ನಡೆಯಿತು.

ಆದರೆ ಕಾಂಕ್ರೀಟು ಹಾಸಿದ ಮಾತ್ರಕ್ಕೆ ಘಟ್ಟದಲ್ಲಿ ಮಳೆಯಾಗುವುದಿಲ್ಲ. ಮೇಲಿನವರು ನೀರು ಬಿಡಲೇಬೇಕೆಂದೂ ಇಲ್ಲ. ಆದುದರಿಂದ ಅನಂತರವೂ ಬಹುಪಾಲು ವರ್ಷಗಳಲ್ಲಿ ಪೂರ್ಣ 12 ಟಿ.ಎಂ.ಸಿ. ನಮಗೆ ದೊರೆಯಲಿಲ್ಲ. ಇದರಿಂದ ತಿಳಿಯತಕ್ಕ ಮೊದಲನೆಯ ನಿಯಮವಿದು: ಪ್ರತಿಯೊಂದು ಆಕ್ಷೇಪಣೆಯನ್ನೂ ಅದಕ್ಕೆ ಸೇರಿದ ಕೊಂಡಿಯ ಮೇಲೆ ಬರೆದಿಡಬೇಕು, ಒಂದು ಕೊಂಡಿಯ ಪರಿಹಾರವನ್ನು ಮತ್ತೊಂದರ ಪರಿಹಾರವೆಂದು ಭ್ರಮಿಸಬಾರದು.

ಎರಡನೆಯ ನಿಯಮ ಇದಕ್ಕಿಂತ ಸೂಕ್ಷ್ಮವಾದುದು. ಕೆಲವು ಆಕ್ಷೇಪಣೆಗಳು ಬೇರೆ ಬೇರೆ ಅಂಗಿ ತೊಟ್ಟ ಒಂದೇ ಆಕ್ಷೇಪಣೆಯಾಗಿರುತ್ತವೆ. "ಘಟ್ಟದಲ್ಲಿ ಮಳೆ ಬಾರದು", "ಶ್ರೀಶೈಲ ತುಂಬದು", "ಮೇಲಿನವರು ನೀರು ಬಿಡರು" ಎಂದು ಮೂವರು ಮೂರು ಮಾತು ಹೇಳಿದರೆ ಯೋಜನೆಗೆ ಮೂರು ಪೆಟ್ಟು ಬಿದ್ದಂತೆ ಕಾಣುತ್ತದೆ. ವಿಚಾರಿಸಿ ನೋಡಿದರೆ ಬಹುಮಟ್ಟಿಗೆ ಮೂರಕ್ಕೂ ಬೇರು ಮಳೆಯೊಂದೇ. ಅಂಥವನ್ನು ಮೂರು ಸಲ ಎಣಿಸಿ ಗುಣಿಸುವುದು ಯೋಜನೆಗೆ ಮಾಡುವ ಅನ್ಯಾಯ.

ಇದೇ ತಪ್ಪು ತಿರುಗುಮುರುಗಾಗಿಯೂ ನಡೆಯುತ್ತದೆ. ಒಂದೇ ಬೇರಿನ ಮೂರು ಆಧಾರಗಳನ್ನು ನಂಬಿ, ನಮಗೆ ಮೂರು ಆಧಾರಗಳಿವೆಯೆಂದು ನಿಶ್ಚಿಂತರಾಗುವವರಿದ್ದಾರೆ. ನಮ್ಮ ಕೆರೆ, ನಮ್ಮ ಬಾವಿ, ನಮ್ಮ ಬೋರ್‌ವೆಲ್ ಇವು ಮೂರಾಗಿ ಕಂಡರೂ ಮೂರಕ್ಕೂ ಜೀವ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸುರಿಯುವ ಈಶಾನ್ಯ ಮಾರುತದ ಮಳೆ. 2018ರಲ್ಲಿ ಆ ಮಳೆ ಬಹಳ ಕಡಮೆಯಾಯಿತು. 2019ರ ಜೂನ್ ತಿಂಗಳಲ್ಲಿ ನಗರದ ನಾಲ್ಕು ಜಲಾಶಯಗಳೂ ಒಣಗಿದಂತೆಯೇ ಆದುವು. ನಾನು ಈ ಊರಿಗೆ ಬಂದ ಮೇಲೆ ಕಂಡ ಅತಿ ಕಠಿಣವಾದ ಬೇಸಿಗೆ ಅದು. ನೀರಿಲ್ಲದೆ ಕೆಲವು ಶಾಲೆಗಳು ತರಗತಿಯ ವೇಳೆಯನ್ನೇ ಮೊಟಕುಮಾಡಿದುವು. ತಾಯಂದಿರು ಬಣ್ಣಬಣ್ಣದ ಕೊಡಗಳನ್ನು ಸಾಲಾಗಿಟ್ಟು ನೀರಿನ ಲಾರಿಗಾಗಿ ಅರ್ಧರಾತ್ರಿಯವರೆಗೆ ಕಾದರು. ಬೆಂಗಳೂರಿಗೆ ಹೋಗುವಾಗ ನೀವು ದಾಟುವ ಜೋಲಾರಪೇಟೆಯಿಂದ ಜುಲೈ ತಿಂಗಳಲ್ಲಿ ರೈಲಿನ ಮೂಲಕ ನೀರು ತರಬೇಕಾಯಿತು. ಒಂದು ರೈಲಿಗೆ ಐವತ್ತು ಟ್ಯಾಂಕುಗಳು, ಒಟ್ಟು 25 ಲಕ್ಷ ಲೀಟರು.

ಕೃಷ್ಣೆಯ ಯೋಜನೆಗಿರುವ ದೊಡ್ಡ ಬಲ ಇಲ್ಲಿ ಗೋಚರವಾಗುತ್ತದೆ. ಕೃಷ್ಣೆಯನ್ನು ತುಂಬುವುದು ಜೂನಿನಿಂದ ಸೆಪ್ಟೆಂಬರಿನವರೆಗಿನ ನೈರುತ್ಯ ಮಾರುತ. ನಮ್ಮ ಕೆರೆಗಳನ್ನು ತುಂಬುವುದು ಬೇರೊಂದು ಮಾರುತ. ಒಂದು ಸೋತರೆ ಮತ್ತೊಂದೂ ಸೋಲಲೇಬೇಕೆಂಬ ನಿಯಮವಿಲ್ಲ. 2019ರ ಬೇಸಿಗೆಯಲ್ಲಿ ಕಂಡಲೇರಿನಲ್ಲಿಯೂ ನೀರು ತಳ ಸೇರಿತ್ತು ನಿಜ. ಆದರೆ ಆ ವರ್ಷದ ನೈರುತ್ಯ ಮಳೆಗೆ ಕೃಷ್ಣೆ ಉಕ್ಕಿ, ಸೆಪ್ಟೆಂಬರಿನ ಕೊನೆಯಲ್ಲಿ ಅದರ ನೀರು ಪೂಂಡಿಗೆ ಬಂದಿತು. ಹತ್ತು ಆಕ್ಷೇಪಣೆಗಳಿದ್ದರೂ ಬೇರೊಂದು ಬೇರಿನಿಂದ ಬರುವ ನೆರವನ್ನು ಕಳೆದುಕೊಳ್ಳಬಾರದೆಂಬುದಕ್ಕೆ ಇದು ಸಾಕ್ಷಿ.

ಮೂರನೆಯ ನಿಯಮ: ಆಕ್ಷೇಪಣೆಗಳ ಪಟ್ಟಿಯನ್ನು ಒಂದೇ ಯೋಜನೆಗೆ ಬರೆದು ನಿಲ್ಲಿಸಬಾರದು, ಅದರ ಬದಲಿಗೂ ಬರೆಯಬೇಕು. ಸಮುದ್ರದ ಉಪ್ಪುನೀರನ್ನು ಸಿಹಿ ಮಾಡುವ ಕಾರ್ಖಾನೆಗಳು 2010ರಲ್ಲಿ ಮೀಂಜೂರಿನಲ್ಲಿಯೂ 2013ರಲ್ಲಿ ನೆಮ್ಮೇಲಿಯಲ್ಲಿಯೂ ಆರಂಭವಾದುವು. ಒಂದೊಂದೂ ದಿನಕ್ಕೆ 10 ಕೋಟಿ ಲೀಟರು ನೀರು ಕೊಡುವಂತೆ ಕಟ್ಟಲ್ಪಟ್ಟಿತು. ಮಳೆ ಬಾರದಿದ್ದರೂ ಸಮುದ್ರ ಬತ್ತುವುದಿಲ್ಲ. ಆದರೆ ಅದಕ್ಕೆ ವಿದ್ಯುಚ್ಛಕ್ತಿ ಬಹಳ ಬೇಕು, ಖರ್ಚು ಹೆಚ್ಚು, ಉಳಿದ ಗಾಢವಾದ ಉಪ್ಪುನೀರನ್ನು ಮತ್ತೆ ಕಡಲಿಗೇ ಬಿಡಬೇಕು. ಇಲ್ಲಿ ಒಂದು ಭೇದವನ್ನು ಗಮನಿಸಿ. "ಆಗುವುದೋ ಇಲ್ಲವೋ" ಎಂಬ ಆಕ್ಷೇಪಣೆ ಬೇರೆ; "ಆದರೂ ಬೆಲೆ ಹೆಚ್ಚು" ಎಂಬ ಆಕ್ಷೇಪಣೆ ಬೇರೆ. ಮೊದಲನೆಯದು ಯಶಸ್ಸಿನ ಸಂಭವವನ್ನು ತಗ್ಗಿಸುತ್ತದೆ. ಎರಡನೆಯದು ಆ ಯಶಸ್ಸು ನಮಗೆ ತಕ್ಕದ್ದೇ ಎಂದು ಕೇಳುತ್ತದೆ. ಎರಡನ್ನೂ ಬೆರಸಿ ಮಾತಾಡಿದರೆ ಚರ್ಚೆ ಎಂದಿಗೂ ಮುಗಿಯದು.

ಈ ನಿಯಮಗಳನ್ನು ನಾನು ತರಗತಿಯಲ್ಲಿ ಒಮ್ಮೆ ಪರೀಕ್ಷಿಸಿ ನೋಡಿದೆ. ಶಾಲೆಯ ಮಾಡಿನ ಮೇಲೆ ಬೀಳುವ ಮಳೆಯನ್ನೆಲ್ಲ ಹಿಡಿದು ಬೇಸಿಗೆಗೆ ಇಟ್ಟುಕೊಳ್ಳುವ ಯೋಜನೆಯನ್ನು ಬರೆದು ತನ್ನಿರೆಂದು ಒಂಬತ್ತನೆಯ ತರಗತಿಯವರಿಗೆ ಹೇಳಿದೆನು. ಒಬ್ಬ ಹುಡುಗನು ಉತ್ಸಾಹದಿಂದ ಲೆಕ್ಕ ತಂದನು. ನೂರು ಚದರ ಮೀಟರಿನ ಮೇಲೆ ಒಂದು ಸೆಂಟಿಮೀಟರು ಮಳೆಯಾದರೆ ಸಾವಿರ ಲೀಟರು. ಮಾಡು 400 ಚದರ ಮೀಟರು, ವರ್ಷದ ಮಳೆ ಸುಮಾರು 140 ಸೆಂಟಿಮೀಟರು. ಗುಣಿಸಿದರೆ 5 ಲಕ್ಷ 60 ಸಾವಿರ ಲೀಟರು. ತರಗತಿಯೆಲ್ಲ ಚಪ್ಪಾಳೆ ತಟ್ಟಿತು.

ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಮಳೆಯ ಹೆಚ್ಚಿನ ಪಾಲು ಬೀಳುವುದು ಡಿಸೆಂಬರಿನೊಳಗೆ, ನಮಗೆ ನೀರಿನ ಕಷ್ಟ ಏಪ್ರಿಲಿನಲ್ಲಿ. ಅಲ್ಲಿಯವರೆಗೆ ಅಷ್ಟು ನೀರನ್ನು ಎಲ್ಲಿ ಇಡುವುದು?" ಎಂದು ಕೇಳಿದಳು. ಕೆಲವರು ನಕ್ಕರು. ನಾನು ಆ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆಯಿಸಿದೆನು. ಮುನ್ನೂರು ಮಕ್ಕಳಿಗೆ ತಲಾ 10 ಲೀಟರಿನಂತೆ ದಿನಕ್ಕೆ 3,000 ಲೀಟರು ಬೇಕು. ಜನವರಿಯಿಂದ ಏಪ್ರಿಲ್‌ವರೆಗೆ ಶಾಲೆ ನಡೆಯುವ ದಿನಗಳು 80 ಎಂದರೂ 2 ಲಕ್ಷ 40 ಸಾವಿರ ಲೀಟರು. ಅದನ್ನು ಹಿಡಿಯಲು 8 ಮೀಟರು ಉದ್ದ, 6 ಮೀಟರು ಅಗಲ, 5 ಮೀಟರು ಆಳದ ತೊಟ್ಟಿ ಬೇಕು. ಅಂದರೆ ಒಂದು ತರಗತಿಯ ಕೋಣೆಗಿಂತಲೂ ದೊಡ್ಡದು. ಅಷ್ಟು ಸ್ಥಳವೂ ಇಲ್ಲ, ಹಣವೂ ಇಲ್ಲ. ನಕ್ಕವರು ಸುಮ್ಮನಾದರು.

ಅನಂತರ ಬಾಯಿಗಳು ಬಿಚ್ಚಿದುವು. ಮೊದಲ ಮಳೆಯಲ್ಲಿ ಕಾಗೆಯ ಹಿಕ್ಕೆ, ಧೂಳು, ಎಲೆ ಎಲ್ಲವೂ ಬರುತ್ತದೆ ಎಂದನೊಬ್ಬ. ಬಾವಿಗೆ ಬಿಟ್ಟರೆ ನೆರೆಮನೆಯ ಬೋರ್‌ವೆಲ್ ಎಳೆದುಕೊಳ್ಳುತ್ತದೆ ಎಂದಳೊಬ್ಬಳು. ಎಲ್ಲಕ್ಕಿಂತ ಬಲವಾದ ಮಾತನ್ನು ಹೇಳಿದವನು ತರಗತಿಯ ತುಂಟನೆನಿಸಿದ ಹುಡುಗ: "ಈ ವರ್ಷ ನಾವು ದೋಣಿಗಳ ಕಸ ತೆಗೆಯುತ್ತೇವೆ ಸಾರ್. ನಾವು ಶಾಲೆ ಬಿಟ್ಟ ಮೇಲೆ ಯಾರು ತೆಗೆಯುತ್ತಾರೆ?" ಮಾಡಿನ ನೀರನ್ನು ಕೊಳವೆಗೆ ತಲಪಿಸುವ ದೋಣಿಯಲ್ಲಿ ಕಸ ಕಟ್ಟಿಕೊಂಡರೆ ಉಳಿದ ಕೊಂಡಿಗಳೆಲ್ಲ ಗಟ್ಟಿಯಾಗಿದ್ದರೂ ವ್ಯರ್ಥವಲ್ಲವೆ? ಈ ರಾಜ್ಯದಲ್ಲಿ 2003ರಲ್ಲಿಯೇ ಪ್ರತಿಯೊಂದು ಕಟ್ಟಡಕ್ಕೂ ಮಳೆನೀರು ಇಂಗಿಸುವ ಏರ್ಪಾಡು ಕಡ್ಡಾಯವಾಯಿತು. ಕೊಳವೆ ಹಾಕಿಸಿ, ಅನಂತರ ಅದರತ್ತ ಕಣ್ಣೆತ್ತಿಯೂ ನೋಡದ ಮನೆಗಳು ನಿಮ್ಮ ಬೀದಿಯಲ್ಲಿಯೇ ಇರಬಹುದು.

ಕೊನೆಗೆ ಆ ಮಕ್ಕಳು ಯೋಜನೆಯನ್ನು ತಿದ್ದಿ ಬರೆದರು. ದೊಡ್ಡ ತೊಟ್ಟಿಯನ್ನು ಕೈಬಿಟ್ಟರು. ಗಿಡಗಳಿಗೂ ಶೌಚಾಲಯಕ್ಕೂ ಸಾಲುವಂತೆ 10,000 ಲೀಟರಿನ ಚಿಕ್ಕ ತೊಟ್ಟಿಯೊಂದು; ಮಿಕ್ಕ ನೀರೆಲ್ಲ ಹಳೆಯ ಬಾವಿಗೆ; ಮೊದಲ ಮಳೆಯ ನೀರನ್ನು ಹೊರಕ್ಕೆ ಬಿಡಲು ಬೇರೆ ಕೊಳವೆ; ಬೀದಿಯ ಇತರ ಮನೆಯವರೂ ಹಾಗೆಯೇ ಮಾಡುವಂತೆ ಒಂದು ವಿಜ್ಞಾಪನೆ; ಸೆಪ್ಟೆಂಬರಿನ ಕೊನೆಯ ಶನಿವಾರ ದೋಣಿಗಳನ್ನು ಶುಚಿಮಾಡುವ ಕೆಲಸವನ್ನು ಪ್ರತಿವರ್ಷವೂ ಒಂಬತ್ತನೆಯ ತರಗತಿಗೇ ವಹಿಸುವ ಕಟ್ಟಳೆ. ಯೋಜನೆ ಚಿಕ್ಕದಾಯಿತು, ನಡೆಯುವ ಸಂಭವ ಹೆಚ್ಚಿತು. ಅದನ್ನು ತಿದ್ದಿದವರು ಚಪ್ಪಾಳೆ ತಟ್ಟಿದವರಲ್ಲ, ಪ್ರಶ್ನೆ ಕೇಳಿದವರು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಆಕ್ಷೇಪಣೆಗಳನ್ನು ಎಣಿಸುವುದೇ ಕೆಲವರಿಗೆ ಸೋಮಾರಿತನದ ಮರೆಯಾಗುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಅಂಥವರು ಕನ್ನಂಬಾಡಿಯ ಕಥೆಯನ್ನು ನೆನೆಯಬೇಕು. ಕಾವೇರಿಗೆ 124 ಅಡಿ ಎತ್ತರದ ಅಣೆಕಟ್ಟೆ ಕಟ್ಟಲು ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು ಯೋಚಿಸಿದಾಗ ವೆಚ್ಚದ ವಿಷಯದಲ್ಲಿ ಸರ್ಕಾರದೊಳಗೇ ಹಿಂಜರಿಕೆಯಿತ್ತು. ಕೆಳಗಿನ ಮದರಾಸು ಸರ್ಕಾರವು ತಂಜಾವೂರಿನ ಗದ್ದೆಗಳ ಪರವಾಗಿ ತಡೆಯೊಡ್ಡಿ, 80 ಅಡಿಯ ಕಟ್ಟೆಗೆ ಮಾತ್ರ ಒಪ್ಪಿತು. ಅವರು ಆಕ್ಷೇಪಣೆಗಳನ್ನು ಕಡೆಗಣಿಸಲಿಲ್ಲ. ಅವುಗಳಿಗೆ ಹೆದರಿ ಕೂರಲೂ ಇಲ್ಲ. ಕೋಲಾರದ ಚಿನ್ನದ ಗಣಿಗಳಿಗೆ 1902ರಿಂದ ಶಿವನಸಮುದ್ರದ ವಿದ್ಯುತ್ತು ಹೋಗುತ್ತಿತ್ತು. ಬೇಸಿಗೆಯಲ್ಲಿ ನದಿ ಸೊರಗಿದಾಗ ಅದಕ್ಕೆ ಅಡಚಣೆ. ಜಲಾಶಯವಾದರೆ ಆ ವಿದ್ಯುತ್ತಿನ ವರಮಾನ ಭದ್ರವಾಗುವುದೆಂದು ತೋರಿಸಿಕೊಟ್ಟರು. 1911ರಲ್ಲಿ ಕೆಲಸ ಹಿಡಿದಾಗ ಒಪ್ಪಿಗೆ ಚಿಕ್ಕ ಕಟ್ಟೆಗಿದ್ದರೂ ಅಡಿಪಾಯವನ್ನು ದೊಡ್ಡ ಕಟ್ಟೆಗೆ ತಕ್ಕ ಅಗಲದಲ್ಲಿಯೇ ಹಾಕಲಾಯಿತು. 1924ರಲ್ಲಿ ಎರಡು ಸರ್ಕಾರಗಳಿಗೂ ಒಪ್ಪಂದವಾಯಿತು. 1931ರಲ್ಲಿ ಅಣೆಕಟ್ಟೆ ಪೂರ್ಣಗೊಂಡಿತು. ಅಗಲವಾದ ಆ ಅಡಿಪಾಯವೇ ಆಕ್ಷೇಪಣೆಗೆ ಕೊಟ್ಟ ಉತ್ತರ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಪ್ರತಿಯೊಬ್ಬರ ಮುಂದೆಯೂ ಒಂದು ಯೋಜನೆಯಿದೆ. ಹತ್ತನೆಯ ತರಗತಿಯಾದ ಮೇಲೆ ಇಲ್ಲಿಯೇ ಓದುವುದೋ, ಕರ್ನಾಟಕಕ್ಕೆ ಹೋಗುವುದೋ, ಕೆಲಸಕ್ಕೆ ಸೇರಿ ಓದನ್ನು ಮುಂದುವರಿಸುವುದೋ ಎಂಬ ಪ್ರಶ್ನೆ ಮನೆಯಲ್ಲಿ ಏಳುತ್ತದೆ. "ಕನ್ನಡದಲ್ಲಿ ಓದಿದವನಿಗೆ ಕಾಲೇಜಿನ ಇಂಗ್ಲಿಷು ಕಷ್ಟ" ಎಂದು ನೆಂಟರು ಹೇಳುತ್ತಾರೆ. ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿದ ನನಗೂ ಹಾಗೆ ಹೇಳಿದರು. ಆ ಮಾತು ಸುಳ್ಳಾಗಿರಲಿಲ್ಲ. ಮೊದಲ ವರ್ಷ ಕಷ್ಟವೇ ಆಯಿತು. ಆದರೆ ಆ ಮಾತು ಹೇಳಿದ್ದು ಒಂದು ಕೊಂಡಿಯ ವಿಷಯ ಮಾತ್ರ. ದಿನಕ್ಕೆ ಒಂದು ಪುಟ ಇಂಗ್ಲಿಷು ಓದಿ, ತಿಳಿಯದ ಪದಗಳನ್ನು ಬರೆದುಕೊಂಡರೆ ಆ ಕೊಂಡಿ ಗಟ್ಟಿಯಾಗುತ್ತದೆ. ಅದಕ್ಕಾಗಿ ಸರಪಳಿಯನ್ನೇ ಎಸೆಯಬೇಕಾಗಿಲ್ಲ.

ಆದುದರಿಂದ ಒಂದು ಹಾಳೆಯನ್ನು ತೆಗೆದುಕೊಳ್ಳಿ. ನಿಮ್ಮ ಯೋಜನೆಯ ಕೊಂಡಿಗಳನ್ನು ಒಂದರ ಕೆಳಗೊಂದು ಬರೆಯಿರಿ. ಯಾವ ಕೊಂಡಿಯನ್ನು ಯಾರು ಸಂದೇಹಿಸುತ್ತಾರೋ ಅವರ ಮಾತನ್ನು ಅದರ ಎದುರಿಗೆ ಬರೆಯಿರಿ. ಒಂದೇ ಬೇರಿನವನ್ನು ಒಂದೇ ಎಂದೆಣಿಸಿರಿ. ನಿಮ್ಮ ಕೈಯಿಂದ ಸರಿಯಾಗುವುದಾವುದು, ಆಗದುದಾವುದು ಎಂದು ಗುರುತುಮಾಡಿರಿ. ಆಗದುದಕ್ಕೆ ಬೇರೊಂದು ದಾರಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿರಿ. ಆ ಬಳಿಕ ಧೈರ್ಯ ಮಾಡಿರಿ. ಆ ಹಾಳೆಯನ್ನು ನಿಮ್ಮನ್ನು ಹೊಗಳುವವರಿಗೆ ತೋರಿಸುವ ಮೊದಲು, ನಿಮ್ಮ ಒಳಿತನ್ನು ಬಯಸಿಯೂ "ಇದು ಹೇಗಾದೀತು?" ಎಂದು ಕೇಳಬಲ್ಲವರೊಬ್ಬರಿಗೆ ತೋರಿಸಿರಿ.